ಮಂಟಪದ ಕೆಳಗಿನ ನೆಲ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಎಡೆಯ ಬುಟ್ಟಿ ಹೊತ್ತು ಹೊಲಕ್ಕೆ ಹೋದ ಕುಸುಮಾಳಿಗೆ ಅಪ್ಪನ ಸಮಾಧಿ ಸಿಗಲಿಲ್ಲ. ಸಮಾಧಿಯಷ್ಟೇ ಅಲ್ಲ, ಅದಕ್ಕೆ ನೆರಳಾಗಿದ್ದ ಹೊಂಗೆ ಮರವೂ ಇರಲಿಲ್ಲ, ಬದುವೂ ಇರಲಿಲ್ಲ. ಕೆಂಗೇರಿಯ ಆಚೆ, ರೈಲು ಹಳಿಗೂ ಹೊಸದಾಗಿ ಬಂದ ದೊಡ್ಡ ರಸ್ತೆಗೂ ನಡುವೆ ಇದ್ದ ಆ ನೆಲ ತೊಳೆದಿಟ್ಟ ತಟ್ಟೆಯ ಹಾಗೆ ಮಟ್ಟಸವಾಗಿ ಬಿದ್ದಿತ್ತು. ಮೂಲೆಯಲ್ಲಿ ಜೆಸಿಬಿ ನಿಂತಿತ್ತು. ಅದರ ನೆರಳಲ್ಲಿ ಡ್ರೈವರ್ ಕೂತು ಟೀ ಕುಡಿಯುತ್ತಿದ್ದ.

"ಅಣ್ಣಾ, ಇಲ್ಲಿ ಮೂರು ಸಮಾಧಿ ಇದ್ವಲ್ಲ?"

"ಯಜಮಾನ್ರು ಎಲ್ಲಾ ಮಟ್ಟ ಹೊಡಿ ಅಂದ್ರು, ಹೊಡ್ದೆ ಕಣಮ್ಮ. ಮಣ್ಣು ಟಿಪ್ಪರ್‌ಗೆ ಹೋಯ್ತು."

"ಎಲ್ಲಿಗೆ ಹೋಯ್ತು?"

"ಅದೆಲ್ಲ ಯಾರಿಗೆ ಗೊತ್ತು. ಎಲ್ಲಿ ಹಳ್ಳ ಇತ್ತೋ ಅಲ್ಲಿಗೆ." ಅವನು ಅವಳ ಬುಟ್ಟಿಯನ್ನು ನೋಡಿದ. ಬಾಳೆ ಎಲೆಯಡಿಯ ಮುದ್ದೆ, ಕಾಳುಸಾರು, ಕಜ್ಜಾಯ. ಅವನಿಗೆ ಅರ್ಥವಾಯಿತು. ಲೋಟ ಕೆಳಗಿಟ್ಟು ಎದ್ದು ನಿಂತ.

ಆ ಮೂರರಲ್ಲಿ ಒಂದು ಅಜ್ಜನದು, ಒಂದು ಅವಳನ್ನು ಎತ್ತಿ ಆಡಿಸಿದ ಅಜ್ಜಿ ಚಿಕ್ಕಗಂಗಮ್ಮನದು. ಮೂರನೆಯದು ಅಪ್ಪ ಗಂಗಹನುಮಯ್ಯನದು. ಕುಸುಮಾ ಪ್ರೈಮರಿ ಶಾಲೆಯಲ್ಲಿದ್ದಾಗ ಪಂಪ್‌ಸೆಟ್ಟಿನ ಕರೆಂಟ್ ಹೊಡೆದು ಅಪ್ಪ ಸತ್ತಿದ್ದ. ಅಂದಿನಿಂದ ಅವಳೂ ಅವ್ವ ಮುನಿಲಕ್ಷ್ಮಮ್ಮನೂ ದೊಡ್ಡಪ್ಪ ನಂಜುಂಡಪ್ಪನ ಮನೆಯ ಹಿಂದಿನ ಎರಡು ಕೋಣೆಯಲ್ಲಿದ್ದರು. ಜಮೀನಿನ ಕಾಗದ, ಸೈಟಿನ ವ್ಯವಹಾರ ಎಲ್ಲ ದೊಡ್ಡಪ್ಪನ ಕೈಯಲ್ಲಿ. ಅವ್ವ ಅದನ್ನು ಎಂದೂ ಕೇಳಿದವಳಲ್ಲ. ಕುಸುಮಾಳೂ ಕೇಳಿರಲಿಲ್ಲ. ವರ್ಷಕ್ಕೊಮ್ಮೆ ಎಡೆ ಇಡಲು ಆರಡಿ ನೆಲ ಉಳಿದರೆ ಸಾಕಾಗಿತ್ತು.

ಅವಳು ಬುಟ್ಟಿ ಸಮೇತ ಮಾರಮ್ಮನ ಗುಡಿಯ ಕಟ್ಟೆಗೆ ಹೋದಳು. ಅಲ್ಲಿ ಊರ ಹಿರಿಯರು ಕೂತಿದ್ದರು, ಅವರ ಮಧ್ಯೆ ದೊಡ್ಡಪ್ಪನೂ ಇದ್ದ. ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದೆನೆಂದು ಅವತ್ತೇ ಲಡ್ಡು ಹಂಚುತ್ತಿದ್ದ.

"ದೊಡ್ಡಪ್ಪ, ಅಪ್ಪನ ಸಮಾಧಿ ಯಾಕೆ ಕೀಳಿಸಿದ್ರಿ?"

ನಂಜುಂಡಪ್ಪ ಸಿಟ್ಟಾಗಲಿಲ್ಲ. ಅದೇ ಅವನ ವಿದ್ಯೆ. "ಅಯ್ಯೋ ಮಗಳೇ, ಅದು ಇದ್ದದ್ದು ಅಲ್ಲಲ್ಲ ಕಣವ್ವ. ರಸ್ತೆಗೆ ಸರ್ಕಾರ ಹಿಡ್ಕೊಂಡಿತಲ್ಲ, ಆ ತುಂಡಲ್ಲಿ. ರಸ್ತೆ ಅಡೀಲಿ ಹೋಗಿ ಎಷ್ಟೋ ಕಾಲ ಆಯ್ತು."

"ವರ್ಷಾ ವರ್ಷಾ ನಾನು ಎಡೆ ಇಟ್ಟಿದೀನಿ!"

"ಯಾವುದೋ ಕಲ್ಲಿಗೆ ಇಟ್ಟಿರ್ತೀಯ. ನೀನಾಗ ಚಿಕ್ಕೋಳು, ಗುರುತು ತಪ್ಪೈತೆ." ಪಕ್ಕದಲ್ಲಿದ್ದ ಮುದುಕ ಮರಿಯಪ್ಪನ ಕಡೆ ತಿರುಗಿ, "ಪಾಪ, ಯಾರದ್ದೋ ಗಡಿ ಕಲ್ಲಿಗೆ ಕಜ್ಜಾಯ ತಿನ್ನಿಸ್ಕೊಂಡು ಬಂದವಳೆ ಕಣಣ್ಣ," ಅಂದ.

ಮರಿಯಪ್ಪ ನಕ್ಕ. ಅವನು ನಕ್ಕದ್ದಕ್ಕೆ ಉಳಿದವರೂ ನಕ್ಕರು. ಬೇಲಿ ಹೋಗಿತ್ತು, ಮರ ಹೋಗಿತ್ತು, ಎಲ್ಲಿ ಯಾವ ಹೊಲ ಇತ್ತೆಂದು ಬೆರಳಿಟ್ಟು ತೋರಿಸಲು ಯಾರಿಗೂ ಈಗ ಧೈರ್ಯವಿರಲಿಲ್ಲ. ಗುಡಿಗೆ ಹೊಸ ಚಾವಣಿ ಹಾಕಿಸಿದವನು ನಂಜುಂಡಪ್ಪ. ಅವನೆದುರು ಧೈರ್ಯ ತೋರಿಸುವ ಅಗತ್ಯವೂ ಯಾರಿಗೂ ಇರಲಿಲ್ಲ.

ಕುಸುಮಾ ಅಳಲಿಲ್ಲ. ಎಡೆಯನ್ನು ದಾರಿಯಲ್ಲಿ ಕಾಗೆಗೆ ಹಾಕಿ ಮನೆಗೆ ಬಂದಳು. ಸಮಾಧಿ ಕಿತ್ತಿದ್ದಕ್ಕಿಂತ ಆ ನಗು ಅವಳ ಕರುಳಿಗೆ ಹೆಚ್ಚು ನಾಟಿತ್ತು. ಈ ನಗುವನ್ನು ಇವರ ಬಾಯಿಗೇ ವಾಪಸ್ ತುರುಕದೆ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದಳು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಬಿ.ಕಾಂ. ಮುಗಿಸಿದ ಮೇಲೆ ಅವಳು ವಿಜಯನಗರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಮಾಲೀಕ ಶ್ರೀಶೈಲ ಬಾದಾಮಿ ಕಡೆಯವನು. ಡಿಜಿಟಲ್ ಕ್ಯಾಮೆರಾ ಬಂದ ಹೊಸದರಲ್ಲಿ ಧೈರ್ಯ ಮಾಡಿ ಕಂಪ್ಯೂಟರ್ ತಂದಿದ್ದ. ಬರೀ ಆಲ್ಬಮ್ ಮಾಡಿದರೆ ಆಗದು, ಗುಂಡಿ ಒತ್ತಿದರೆ ಹಾಡು ಬರುವ, ಚಿತ್ರ ಓಡುವ ಮದುವೆ ಸಿಡಿ ಮಾಡಬೇಕು ಎಂಬ ಆಸೆಯಿಂದ ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ಮಲ್ಟಿಮೀಡಿಯಾ ಪ್ರೋಗ್ರಾಮಿಂಗ್‌ನ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನೂ ತಂದಿದ್ದ. ಮುನ್ನುಡಿ ದಾಟುವುದು ಅವನಿಂದ ಆಗಲಿಲ್ಲ. ಅಂಟು ಹಚ್ಚಿದ ಆಲ್ಬಮ್ ಹಾಳೆಗಳು ಸುರುಟದಂತೆ ಮೇಲೆ ಭಾರ ಇಡಲು ಆ ಪುಸ್ತಕಗಳು ಬಳಕೆಯಾಗುತ್ತಿದ್ದವು.

ಕುಸುಮಾಳ ಕೆಲಸ ಫೋಟೋ ತಿದ್ದುವುದು. ಮದುವೆಯ ಗುಂಪಿನಲ್ಲಿ ಬೇಡವಾದ ನೆಂಟನಿದ್ದರೆ ಅವನನ್ನು ಅಳಿಸಿ, ಆ ಜಾಗಕ್ಕೆ ಪಕ್ಕದ ಪರದೆಯ ಬಣ್ಣ ತುಂಬಬೇಕು. ಒಂದು ದಿನ ಹಾಗೆ ಯಾರದೋ ಭಾವನನ್ನು ಅಳಿಸುತ್ತಿದ್ದಾಗ ಅವಳ ಕೈ ನಿಂತುಬಿಟ್ಟಿತು. ದೊಡ್ಡಪ್ಪ ಮಾಡಿದ್ದೂ ಇದನ್ನೇ ಅಲ್ಲವೇ ಎನ್ನಿಸಿತು. ಸುಮ್ಮನೆ ಕೂರಲಾರದೆ ಆಲ್ಬಮ್ಮಿನ ಮೇಲಿದ್ದ ಪುಸ್ತಕವೊಂದನ್ನು ಎತ್ತಿಕೊಂಡು ನಡುವೆ ಎಲ್ಲೋ ತೆರೆದಳು. ಒಂದು ಚಿತ್ರದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಪದರವಾಗಿ ಕೂರುವುದನ್ನು ಅಲ್ಲಿ ವಿವರಿಸಿತ್ತು. ಮೇಲಿನ ಪದರವನ್ನು ಮರೆ ಮಾಡಿದರೆ ಕೆಳಗಿನದು ಕಾಣುತ್ತದೆ, ಕೆಳಗಿನದು ಎಲ್ಲಿಗೂ ಹೋಗಿರುವುದಿಲ್ಲ ಎಂಬ ಅರ್ಥ ಬರುವಂತೆ ಒಂದು ಮಾತಿತ್ತು. ಅವಳು ಅದನ್ನು ತಿರುಗಿ ತಿರುಗಿ ಓದಿದಳು.

"ಸಾರ್, ಈ ಪುಸ್ತಕ ನಾನು ಓದ್ಲಾ?"

"ಓದ್ರಿ ಓದ್ರಿ. ನಿಮಗಾರ ತಿಳೀತಂದ್ರ ನಮ್ಮ ಅಂಗಡಿಗೂ ಛಲೋನ ಆತು," ಅಂದ ಶ್ರೀಶೈಲ. "ಆಲ್ಬಮ್ ಮ್ಯಾಲ ಇಡಾಕ ನಾ ಬ್ಯಾರೆ ಕಲ್ಲು ತರತೀನಿ."

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಅವಳ ಪಾಠದ ಹೊತ್ತಾಯಿತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಒಂದೊಂದು ವಾಕ್ಯವನ್ನು ಅವರೆಕಾಳಿನ ಹಾಗೆ ಹಿಚುಕಿ ಅರ್ಥ ತೆಗೆಯಬೇಕಿತ್ತು. ಪುಸ್ತಕ ಬರೆದವನಿಗೆ ಚೆಂಡಿನ ಮೇಲೆ ಬಲು ಪ್ರೀತಿ. ಚೆಂಡು ಪುಟಿಸುವುದು, ಚೆಂಡು ಉರುಳಿಸುವುದು, ಚೆಂಡಿನ ಬಣ್ಣ ಬದಲಿಸುವುದು. ಅವನ್ನೆಲ್ಲ ಹಲ್ಲು ಕಚ್ಚಿ ಮಾಡಿದಳು. ಪ್ರೋಗ್ರಾಂ ಬರೆಯುವಾಗ ಇಂಗ್ಲಿಷಿನ ಒಂದು ದೊಡ್ಡಕ್ಷರದ ಬದಲು ಚಿಕ್ಕಕ್ಷರ ಬಿದ್ದರೆ ಸಾಕು, ಏನೂ ನಡೆಯುತ್ತಿರಲಿಲ್ಲ. ತಪ್ಪು ಇಲ್ಲಿದೆ ಎಂದು ಹೇಳದೆ ಪರದೆ ಸುಮ್ಮನೆ ಕೂತಿರುತ್ತಿತ್ತು, ಕಟ್ಟೆಯ ಮೇಲಿನ ಹಿರಿಯರ ಹಾಗೆ. ಅಂಥ ಹೊತ್ತಿನಲ್ಲೆಲ್ಲ ಅವಳಿಗೆ ಮರಿಯಪ್ಪನ ನಗು ಕೇಳಿಸುತ್ತಿತ್ತು. ಪುಸ್ತಕವನ್ನು ಮೊದಲಿನಿಂದ ಮತ್ತೆ ಹಿಡಿಯುತ್ತಿದ್ದಳು. ಬೇರೆಯವರು ಕೆಲಸಕ್ಕಾಗಿ ಕಲಿತಾರು, ಹೆಸರಿಗಾಗಿ ಕಲಿತಾರು. ಅವಳು ಕಲಿತದ್ದು ಹಟಕ್ಕೆ. ಹಟಕ್ಕೆ ಕಲಿತದ್ದು ಬೇಗ ತಲೆಗೆ ಹೋಗುತ್ತದೋ ಏನೋ, ಮಾಗಿಯ ಚಳಿ ಕಳೆಯುವ ಹೊತ್ತಿಗೆ ಚಿತ್ರಗಳನ್ನು ಒಂದರ ಹಿಂದೊಂದು ಕರಗಿಸುವುದು, ಪರದೆಯ ಮೇಲಿನ ಗುಂಡಿಯನ್ನು ಮೌಸಿನಿಂದ ಎಳೆದಂತೆ ಎಳೆದಂತೆ ಪದರಗಳು ಕಳಚುವಂತೆ ಮಾಡುವುದು ಅವಳಿಗೆ ಬಂದಿತ್ತು.

ಅವ್ವನ ಟ್ರಂಕಿನಲ್ಲಿ ಒಂದು ಫೋಟೋ ಇತ್ತು. ಅಪ್ಪ ಸತ್ತ ಮೂರನೇ ದಿನ ಸಮಾಧಿಗೆ ಹಾಲು ತುಪ್ಪ ಬಿಡುವಾಗ ಕೆಂಗೇರಿಯ ಫೋಟೋದವನು ತೆಗೆದದ್ದು. ಕುಸುಮಾ ಅದನ್ನು ಕೇಳಿದಾಗ ಮುನಿಲಕ್ಷ್ಮಮ್ಮ ಟ್ರಂಕಿನ ಮೇಲೆ ಕೂತುಬಿಟ್ಟಳು.

"ಬ್ಯಾಡ ಕಣೇ. ಅವರ ಹಂಗಿನಾಗೆ ಇದೀವಿ. ನಾಳೆ ಈಚೆಗೆ ಹಾಕಿದ್ರೆ ಎಲ್ಲಿಗೋಗನಾ?"

"ಕಟ್ಟೆ ಮೇಲೆ ಏನಂದ್ರು ಗೊತ್ತಾ ಅವ್ವ? ನಾವಿಬ್ರೂ ಇಷ್ಟು ವರ್ಷ ಗಡಿ ಕಲ್ಲಿಗೆ ಕಜ್ಜಾಯ ಇಟ್ವಂತೆ."

ಮುನಿಲಕ್ಷ್ಮಮ್ಮ ಇದನ್ನು ಕೇಳಿರಲಿಲ್ಲ. ಎದ್ದು ಟ್ರಂಕು ತೆಗೆದು, ಫೋಟೋವನ್ನು ಸೆರಗಿನಿಂದ ಒರೆಸಿ ಮಗಳ ಕೈಗಿಟ್ಟಳು.

ಫೋಟೋದ ಹಿನ್ನೆಲೆಯಲ್ಲಿ ರೈಲು ಹಳಿಯ ಕಲ್ಲಿನ ಕಮಾನು ಸೇತುವೆ, ಅದರ ಹಿಂದೆ ಮೂಗಿನಂತೆ ಚಾಚಿದ ಬಂಡೆ ಸ್ಪಷ್ಟವಾಗಿದ್ದವು. ಸೇತುವೆಯೂ ಬಂಡೆಯೂ ಇನ್ನೂ ಇದ್ದಲ್ಲೇ ಇದ್ದವು. ಕುಸುಮಾ ಫೋಟೋ ಹಿಡಿದು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ನಡೆದು, ಬಂಡೆಯ ಮೂಗು ಕಮಾನಿನ ನೇರಕ್ಕೆ ಬರುವ ಜಾಗ ಹುಡುಕಿದಳು. ಹಳೆಯ ಫೋಟೋದವನು ನಿಂತಿದ್ದ ಜಾಗ ಅದೇ. ಅಲ್ಲೇ ನಿಂತು ಸ್ಟುಡಿಯೋದ ಕ್ಯಾಮೆರಾದಲ್ಲಿ ಚಿತ್ರ ತೆಗೆಯತೊಡಗಿದಳು. ಮೊದಲು ಮಟ್ಟಸ ಮಾಡಿದ ಬರಿ ನೆಲವನ್ನೇ ತೆಗೆದಳು. ಪಾಯ ತೋಡಿದರು, ತೆಗೆದಳು. ಕಂಬ ಎದ್ದವು, ಒಳಗೆ ಧಾರೆಯ ವೇದಿಕೆಗೆ ಇಟ್ಟಿಗೆ ಕಟ್ಟಿದರು, ತೆಗೆದಳು. ಗೋಡೆ, ಚಾವಣಿ, ಬಣ್ಣ. ನಂಜುಂಡಪ್ಪ ಅಲ್ಲಿ ಕಟ್ಟುತ್ತಿದ್ದುದು ಕಲ್ಯಾಣ ಮಂಟಪ.

ಒಂದು ದಿನ ಅವನು ಅವಳನ್ನು ನೋಡಿದ. ಅವಳು ಕ್ಯಾಮೆರಾ ಇಳಿಸಿದಳು. ಆದರೆ ಅವನ ಮುಖ ಅರಳಿತ್ತು.

"ಏನ್ ಮಗಳೇ, ಮಂಟಪದ ಫೋಟೋನಾ?"

"ಹೂಂ ದೊಡ್ಡಪ್ಪ. ಕಂಪ್ಯೂಟರಲ್ಲಿ ಸೇರಿಸಿದ್ರೆ ಬರಿ ನೆಲದಿಂದ ಮಂಟಪ ಎದ್ದು ಬಂದಂಗೆ ಕಾಣುತ್ತೆ."

ಅವನಿಗೆ ಆ ಮಾತು ರುಚಿಸಿತು. ಸ್ಟುಡಿಯೋಗೇ ಬಂದು ನೋಡಿದ. ಪರದೆಯ ಕೆಳಗಿನ ಗುಂಡಿಯನ್ನು ತಾನೇ ಎಳೆದ. ಮಂಟಪ ಕರಗಿ ಕಂಬಗಳಾಯಿತು, ಕಂಬ ಕರಗಿ ಪಾಯವಾಯಿತು, ಪಾಯ ಕರಗಿ ಬರಿ ನೆಲ. ಮತ್ತೆ ವಾಪಸ್ ಎಳೆದರೆ ನೆಲದಿಂದ ಮಂಟಪ. ಮಗುವಿನ ಹಾಗೆ ನಕ್ಕ. "ಓಪನಿಂಗ್ ದಿವಸ ದೊಡ್ಡ ಪರದೆ ಮೇಲೆ ಇದನ್ನ ಹಾಕನ. ತಾಂಬೂಲದ ಚೀಲಕ್ಕೆ ಒಂದೊಂದು ಸಿಡೀನೂ ಹಾಕ್ಬುಡು. ಬುಕಿಂಗ್ ಹೆಂಗೆ ಬರ್ತವೆ ನೋಡ್ತಿರು!" ಅಂದ. ಬಾಗಿಲಲ್ಲಿ ತಿರುಗಿ, "ಅವತ್ತು ಕಟ್ಟೇಲಿ ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬ್ಯಾಡ ಕಣವ್ವ," ಎಂದೂ ಸೇರಿಸಿದ.

"ಇಲ್ಲ ದೊಡ್ಡಪ್ಪ," ಅಂದಳು ಕುಸುಮಾ.

ಅವನು ನೋಡಿದ ಪ್ರತಿಯಲ್ಲಿ ಕೊನೆಯ ಪದರ ಇರಲಿಲ್ಲ. ಅದನ್ನು ಸೇರಿಸಿದ ಮೇಲೆ ಶ್ರೀಶೈಲ ನೋಡಿದ. "ಏನ್ರೀ ಕುಸುಮಾ ಇದು... ನಮ್ಮ ಅಂಗಡಿ ಉಳೀತದೇನ್ರಿ?"

"ನಿಮಗೆ ಗೊತ್ತಿರ್ಲಿಲ್ಲ ಅಂತ ಹೇಳ್ತೀನಿ ಸಾರ್. ಬೇಡ ಅಂದ್ರೆ ಈಗಲೇ ಕೆಲಸ ಬಿಡ್ತೀನಿ, ಸಿಡಿ ಬೇರೆ ಕಡೆ ಮಾಡಿಸ್ತೀನಿ. ಆದ್ರೆ ಮಾಡೇ ಮಾಡ್ತೀನಿ."

ಶ್ರೀಶೈಲ ಪರದೆಯ ಮೇಲಿದ್ದ ಚಿತ್ರವನ್ನು ಮತ್ತೊಮ್ಮೆ ನೋಡಿದ. "ನಮ್ಮ ಕಡೆ ಹಿರೇರ ಸಮಾಧಿ, ಗದ್ದಿಗಿ ಮುಟ್ಟಿದವಗ ಊರಾಗ ನೀರು ಕೊಡೂದಿಲ್ರಿ," ಅಂದವನು ಎದ್ದು ಹೊರಗೆ ಹೋದ. "ನಾ ಏನೂ ನೋಡಿಲ್ಲ."

ಒಂದು ವಿಷಯ ಮಾತ್ರ ಕುಸುಮಾಳನ್ನು ಚುಚ್ಚುತ್ತಿತ್ತು. ದೊಡ್ಡಪ್ಪನ ಮಗಳು ಚೇತನಾಳ ಮದುವೆ ನಿಶ್ಚಯವಾಗಿತ್ತು, ಆ ಮಂಟಪದ ಮೊದಲ ಧಾರೆ ಅವಳದೇ. ಜೊತೆಗೆ ಬೆಳೆದವಳು, ಒಂದೇ ತಟ್ಟೆಯಲ್ಲಿ ಉಂಡವಳು. ಅವಳಿಗೆ ನೋವಾಗುತ್ತದೆಂದು ಕುಸುಮಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಹಿಂದೆಗೆಯಲಿಲ್ಲ.

ಉದ್ಘಾಟನೆಯ ದಿನ ಮಂಟಪ ಕಿಕ್ಕಿರಿದಿತ್ತು. ಊರವರು, ನೆಂಟರು, ಚೇತನಾಳ ಗಂಡಿನ ಕಡೆಯ ಬೀಗರು. ಅಡುಗೆ ಮನೆಯಿಂದ ಒಬ್ಬಟ್ಟಿನ ಘಮ ಬರುತ್ತಿತ್ತು. ಮುನಿಲಕ್ಷ್ಮಮ್ಮ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟು, ಕರೆಯದಿದ್ದರೂ ಹೋಗಿ ಮೊದಲ ಸಾಲಿನಲ್ಲಿ ಕೂತಳು. ವಿಧವೆ ಮುಂದೆ ಕೂತದ್ದಕ್ಕೆ ಯಾರೋ ಗೊಣಗಿದರು. ಅವಳು ಕದಲಲಿಲ್ಲ.

"ರಿಬ್ಬನ್ ಎಲ್ಲರೂ ಕತ್ತರಿಸ್ತಾರೆ ದೊಡ್ಡಪ್ಪ, ನೀವು ಮೌಸ್ ಹಿಡಿದು ಉದ್ಘಾಟನೆ ಮಾಡಿ," ಎಂದು ಕುಸುಮಾ ಮೊದಲೇ ಹೇಳಿಟ್ಟಿದ್ದಳು. ಜರಿ ಪೇಟ ಸುತ್ತಿಕೊಂಡ ನಂಜುಂಡಪ್ಪ ವೇದಿಕೆಯ ಮೇಲೆ ಕಂಪ್ಯೂಟರ್ ಇಟ್ಟಿದ್ದ ಮೇಜಿನ ಮುಂದೆ ಬಂದು ಕೂತ. ಹಿಂದಿನ ಬಿಳಿ ಪರದೆಯ ಮೇಲೆ ಮಂಟಪದ ಚಿತ್ರ ಮೂಡಿತು, ಹಿಂದೆ ಸೇತುವೆ, ಬಂಡೆ. ಜನ ಚಪ್ಪಾಳೆ ತಟ್ಟಿದರು.

ಅವನು ಗುಂಡಿ ಎಳೆದ. ಬಣ್ಣ ಹೋಯಿತು, ಚಾವಣಿ ಹೋಯಿತು, ಗೋಡೆ ಹೋಯಿತು. ಕಂಬಗಳ ನಡುವೆ ಧಾರೆಯ ವೇದಿಕೆ ಕಂಡಿತು, ಅದರ ಸುತ್ತ ತೆಳ್ಳಗಿನ ಬಿಳಿ ಗೆರೆಯ ಚೌಕ. ಕಂಬ ಹೋಯಿತು, ಪಾಯ ಹೋಯಿತು, ಬರಿ ನೆಲ ಬಂತು. ಬಿಳಿ ಚೌಕ ಮಾತ್ರ ಅಲ್ಲೇ ಉಳಿಯಿತು. ಗುಂಡಿ ಇನ್ನೂ ಸ್ವಲ್ಪ ಸರಿಯುವಂತಿತ್ತು. ನಂಜುಂಡಪ್ಪ ಸಭೆಯ ಕಡೆ ನಗುತ್ತಲೇ ಅದನ್ನು ತುದಿಗೆ ಎಳೆದ.

ಬರಿ ನೆಲ ಕರಗಿತು. ಹೊಂಗೆ ಮರ ಬಂತು. ಬಿಳಿ ಚೌಕದ ಒಳಗೆ ಮೂರು ಸಮಾಧಿಗಳು ಬಂದವು. ಎರಡಕ್ಕೆ ಕಲ್ಲು ನೆಟ್ಟಿತ್ತು, ಒಂದು ಇನ್ನೂ ಹಸಿ ಮಣ್ಣಿನದು, ಮೇಲೆ ಚೆಂಡು ಹೂ. ಅದರ ಪಕ್ಕ ಸಣ್ಣ ವಯಸ್ಸಿನ ಮುನಿಲಕ್ಷ್ಮಮ್ಮ, ಅವಳ ಸೆರಗು ಹಿಡಿದ ಪುಟ್ಟ ಹುಡುಗಿ. ಮುಂದೆ ಬಗ್ಗಿ, ಚೊಂಬಿನಿಂದ ತಮ್ಮನ ಸಮಾಧಿಗೆ ಹಾಲು ಬಿಡುತ್ತಿರುವ ನಂಜುಂಡಪ್ಪ. ಸೇತುವೆ ಅಲ್ಲೇ ಇತ್ತು, ಬಂಡೆ ಅಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಹಾಗೇ ನಿಂತವು. ಪರದೆಗೆ ಬೆನ್ನು ಹಾಕಿ ಕೂತಿದ್ದ ನಂಜುಂಡಪ್ಪ ಜನರ ಮುಖ ನೋಡಿ ತಿರುಗಿದ. ಗುಂಡಿಯನ್ನು ವಾಪಸ್ ಎಳೆಯಲು ನೋಡಿದ. ಬರಲಿಲ್ಲ. ಮೌಸನ್ನು ಮೇಜಿಗೆ ಕುಟ್ಟಿದ.

"ತೆಗಿಯೇ ಅದನ್ನ!"

"ಬರಲ್ಲ ದೊಡ್ಡಪ್ಪ," ಅಂದಳು ಪಕ್ಕದಲ್ಲಿ ನಿಂತಿದ್ದ ಕುಸುಮಾ. "ತುದಿ ಮುಟ್ಟಿದ ಮೇಲೆ ವಾಪಸ್ ಹೋಗದಂಗೆ ಬರೆದಿದೀನಿ."

ಮುದುಕ ಮರಿಯಪ್ಪ ಎದ್ದ. ಕಿಟಕಿಯಿಂದ ಹೊರಗಿನ ಬಂಡೆಯನ್ನು ನೋಡಿದ, ಪರದೆಯ ಬಂಡೆಯನ್ನು ನೋಡಿದ. "ಲೋ ನಂಜುಂಡ, ರಸ್ತೆ ಅಡೀಲಿ ಹೋಯ್ತು ಅಂದ್ಯಲ್ಲೋ?"

"ರಸ್ತೆ ಅಡೀಲಾ?" ಹೆಂಗಸರ ಸಾಲಿನಿಂದ ಧ್ವನಿ ಬಂತು. ನಂಜುಂಡಪ್ಪನ ಹೆಂಡತಿ ಬೋರಮ್ಮ ಎದ್ದು ನಿಂತಿದ್ದಳು. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. "ರಸ್ತೆ ಅಡೀಲಿ ಯಾಕೆ ಹೋಗ್ತದೆ? ಮೂಳೆ ಎತ್ತಿಸಿ, ಪುರೋಹಿತ್ರನ್ನ ಕರ್ಕೊಂಡೋಗಿ ಸಂಗಮದಲ್ಲಿ ಬಿಟ್ಬಂದೆ ಅಂದ್ರಲ್ಲ ನೀವು ನಂಗೆ? ಅದಕ್ಕೇ ಅಂತ ತಲೆ ಬೋಳಿಸ್ಕೊಂಡು ಬಂದ್ರಲ್ಲ?"

"ತಲೆ ಬೋಳಿಸಿದ್ದು ತಿರುಪತೀಲಿ ಅಂತ ಲಡ್ಡು ಕೊಟ್ಟನಲ್ಲವ್ವಾ," ಅಂದ ಮರಿಯಪ್ಪ.

ಊರಿಗೊಂದು ಸುಳ್ಳು, ಮನೆಗೊಂದು ಸುಳ್ಳು. ಎರಡೂ ಆ ಮಂಟಪದಲ್ಲಿ ಎದುರುಬದುರಾದವು. ಕುಸುಮಾ ಸಂಗಮದ ಸುಳ್ಳನ್ನು ತಿಳಿದಿರಲಿಲ್ಲ. ತಾನು ಹೂಡಿದ್ದಕ್ಕಿಂತ ಬಾಣ ಆಳಕ್ಕೆ ಇಳಿದದ್ದನ್ನು ಕಂಡು ಅವಳಿಗೆ ಬಿಸಿ ಬಿಸಿಯಾದ ಸಂತೋಷವಾಯಿತು.

"ಹಂಗಾದ್ರೆ ಎಲ್ಲವ್ರೆ ಅವರು?" ಬೋರಮ್ಮ ವೇದಿಕೆಯ ಕಡೆ ನಡೆದು ಬಂದಳು. ಮೆಟ್ಟಿಲಿನ ಹತ್ತಿರ ಬಂದವಳು ಹತ್ತಲಿಲ್ಲ, ಹಾವು ಕಂಡವಳ ಹಾಗೆ ಹಿಂದೆ ಸರಿದಳು. "ನನ್ನ ಮೈದುನ, ನಮ್ಮತ್ತೆ ಮಾವ ಎಲ್ಲವ್ರೆ ಹೇಳ್ರೀ! ಅವರ ಎದೆ ಮೇಲೆ ನನ್ನ ಮಗಳ ಧಾರೆ ಎರೀಬೇಕಾ?"

ಯಾರೋ ಓಡಿಹೋಗಿ ಪ್ಲಗ್ ಕಿತ್ತರು, ಪರದೆ ಬೆಳ್ಳಗಾಯಿತು. ಬೀಗರ ಹಿರಿಯ ಎದ್ದು ಶಲ್ಯ ಕೊಡವಿಕೊಂಡ. ಅವರು ಊಟಕ್ಕೆ ನಿಲ್ಲಲಿಲ್ಲ. ಅವರ ಹಿಂದೆ ಒಬ್ಬೊಬ್ಬರಾಗಿ ಊರವರೂ ಎದ್ದರು. ಎಲೆ ಹಾಕಿದ್ದ ಪಂಕ್ತಿಗಳು ಖಾಲಿ ಉಳಿದವು. ಒಳಗೆ ಸಿಡಿ ಇದ್ದ ತಾಂಬೂಲದ ಚೀಲಗಳನ್ನು ಮಾತ್ರ ಎಲ್ಲರೂ ಒಯ್ದಿದ್ದರು.

ಚೇತನಾ ಬಾಗಿಲಲ್ಲಿ ಕುಸುಮಾಳನ್ನು ತಡೆದಳು. ಕಣ್ಣು ಕೆಂಪಾಗಿತ್ತು. "ನಂಗೆ ಒಂದು ಮಾತು ಹೇಳಬಹುದಿತ್ತಲ್ಲೇ."

"ಹೇಳಿದ್ರೆ ನೀನು ಬಿಡ್ತಿದ್ಯಾ?"

ಚೇತನಾ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಮತ್ತೆಂದೂ ಕುಸುಮಾಳೊಂದಿಗೆ ಮಾತಾಡಲಿಲ್ಲ. ಬೀಗರು ಮೆತ್ತಗಾದ ಮೇಲೆ ಅವಳ ಮದುವೆ ರಾಜಾಜಿನಗರದ ಬೇರೆ ಛತ್ರದಲ್ಲಿ ನಡೆಯಿತು. ಕುಸುಮಾಳಿಗೆ ಕರೆಯೋಲೆ ಬರಲಿಲ್ಲ.

ಅವತ್ತೇ ಸಂಜೆಯ ಹೊತ್ತಿಗೆ ಅವ್ವ ಮಗಳ ಪಾತ್ರೆ ಪಡಗ ಅಂಗಳದಲ್ಲಿ ಬಿದ್ದಿದ್ದವು. ಮುನಿಲಕ್ಷ್ಮಮ್ಮ ಟ್ರಂಕನ್ನು ಆಟೋಗೆ ಹಾಕಿಸುವಾಗ ಹಿಂದಿರುಗಿ ಕೂಡ ನೋಡಲಿಲ್ಲ. ವಿಜಯನಗರದಲ್ಲಿ ಶ್ರೀಶೈಲ ನೋಡಿಕೊಟ್ಟ ಒಂದು ಕೋಣೆಯ ಮನೆ ಸೇರಿದರು. ಮಂಟಪಕ್ಕೆ ನಂಜುಂಡಪ್ಪ ಶಾಂತಿ ಮಾಡಿಸಿದ, ಹೋಮ ಮಾಡಿಸಿದ, ಬಾಡಿಗೆ ಇಳಿಸಿದ. ಒಂದು ಮದುವೆಯೂ ಬರಲಿಲ್ಲ. ಮೈಸೂರು ರಸ್ತೆಯ ಆಟೋದವರ ಬಾಯಲ್ಲಿ ಅದಕ್ಕೆ ಸಮಾಧಿ ಛತ್ರ ಎಂಬ ಹೆಸರು ನಿಂತಿತು. ಬಸ್ಸಿನಲ್ಲಿ ಆ ಕಡೆ ಹೋದಾಗಲೆಲ್ಲ ಕುಸುಮಾ ಕಿಟಕಿಯ ಪಕ್ಕ ಕೂತು, ಬೀಗ ಹಾಕಿದ ಆ ದೊಡ್ಡ ಬಾಗಿಲನ್ನು ಕಣ್ತುಂಬ ನೋಡುತ್ತಿದ್ದಳು. ಹೊಟ್ಟೆ ತಣ್ಣಗಾಗುತ್ತಿತ್ತು.

ಮುಂದಿನ ಮುಂಗಾರಿನಲ್ಲಿ ಒಂದು ಮಧ್ಯಾಹ್ನ ನಂಜುಂಡಪ್ಪ ಸ್ಟುಡಿಯೋ ಮೆಟ್ಟಿಲು ಹತ್ತಿದ. ಅಂಗಿಯ ಭುಜ ಇಳಿದಿತ್ತು. ಬೋರಮ್ಮ ತವರಿಗೆ ಹೋಗಿ ಕೂತಿದ್ದಾಳೆಂದು ಕುಸುಮಾ ಕೇಳಿದ್ದಳು.

"ಇನ್ನೊಂದು ಸಿಡಿ ಮಾಡ್ಕೊಡವ್ವ. ಎಲ್ಲಾ ಶುದ್ಧ ಆಯ್ತು, ದೋಷ ಕಳೀತು ಅಂತ. ನೀನು ಮಾಡಿದ್ರೆ ಜನ ನಂಬ್ತಾರೆ."

ಅವಳು ಕುರ್ಚಿ ತೋರಿಸಲಿಲ್ಲ. "ಮಾಡ್ತೀನಿ ದೊಡ್ಡಪ್ಪ. ಆ ಮಣ್ಣು ಎಲ್ಲಿ ಸುರಿಸಿದ್ರಿ ಅಂತ ಮೊದಲು ಹೇಳಿ. ನಾನು, ಅವ್ವ ಅಲ್ಲಿಗೆ ಹೋಗಿ ಎಡೆ ಇಟ್ಟು ಬರ್ತೀವಿ. ಆಮೇಲೆ ಮಾಡ್ಕೊಡ್ತೀನಿ."

ಈ ಸಲ ನಂಜುಂಡಪ್ಪನಿಗೆ ಸುಳ್ಳು ಕೂಡ ಹೊಳೆಯಲಿಲ್ಲ.

"ಟಿಪ್ಪರ್‌ನೋರು ಎಲ್ಲಿಗೆ ಹೊಡೆದ್ರೋ... ನಾ ಕೇಳ್ಲೇ ಇಲ್ಲ ಮಗಳೇ."

"ಹಂಗಾದ್ರೆ ಹೋಗಿ ಕೇಳ್ಕೊಂಡು ಬನ್ನಿ," ಅಂದಳು ಕುಸುಮಾ. "ಅಲ್ಲೀವರೆಗೂ ಈ ಮೆಟ್ಟಿಲು ಹತ್ತಬೇಡಿ."

ಅವನು ಇಳಿದು ಹೋದ ಸದ್ದು ಕೇಳಿತು. ಕುಸುಮಾ ಪರದೆಯ ಕಡೆ ತಿರುಗಿದಳು. ಬಸವೇಶ್ವರನಗರದ ಯಾರದೋ ಮದುವೆಯ ಸಿಡಿ ಸಂಜೆಯೊಳಗೆ ಮುಗಿಸಬೇಕಿತ್ತು. ಕೆಲಸ ಸಾಗಲಿಲ್ಲ. ಅಪ್ಪ ಯಾವ ಲೇಔಟಿನ ಯಾವ ಸೈಟಿನ ಅಡಿಯಲ್ಲಿ ಬಿದ್ದಿದ್ದಾನೋ ಎಂಬ ಯೋಚನೆ ಮತ್ತೆ ಮತ್ತೆ ಬರುತ್ತಿತ್ತು. ದೊಡ್ಡಪ್ಪನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ, ಮತ್ತು ಅದು ಕಡಿಮೆಯಾಗಲಿ ಎಂದು ಅವಳಿಗೆ ಅನ್ನಿಸಲೂ ಇಲ್ಲ.